ನಗೆಯಾಟದಲ್ಲಿ ಜಾರಿದ ನಾಲಗೆ

ಶ್ರಾವಕನ ವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದು. ಪ್ರಯೋಜನವಿಲ್ಲದ ಪಾಪಕಾರ್ಯಗಳಿಂದ ದೂರ ಸರಿಯುವುದೆಂದು ಅದರ ಅರ್ಥ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಈ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಮೊದಲು ಹೆಸರಿಸುವುದು ಕಂದರ್ಪವನ್ನು. ರಾಗದ ಉದ್ರೇಕದಿಂದ ನಗೆ ಬೆರೆಸಿ ಆಡುವ ಅಸಭ್ಯ ಮಾತೇ ಕಂದರ್ಪ. ಅದಕ್ಕೆ ಕೆಟ್ಟ ಅಂಗಚೇಷ್ಟೆ ಸೇರಿದರೆ ಕೌತ್ಕುಚ್ಯ. ಹಿಂದುಮುಂದು ನೋಡದೆ ಹರಟುವುದು ಮೌಖರ್ಯ. ದೂರದರ್ಶನವಿಲ್ಲದ ಕಾಲದ ಸೂತ್ರವಿದು ಎಂಬುದು ಓದುವಾಗ ಮರೆತೇ ಹೋಗುತ್ತದೆ.

2019ರ ಜನವರಿಯಲ್ಲಿ ‘ಕಾಫಿ ವಿತ್ ಕರಣ್’ ಕಾರ್ಯಕ್ರಮಕ್ಕೆ ಕ್ರಿಕೆಟಿಗ ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕರ್ನಾಟಕದ ಕೆ.ಎಲ್. ರಾಹುಲ್ ಅತಿಥಿಗಳಾಗಿ ಬಂದರು. ಅಲ್ಲಿ ಸ್ತ್ರೀಯರನ್ನು ಕುರಿತು ಹೊರಟ ಮಾತುಗಳನ್ನು ಈ ಅಂಕಣದಲ್ಲಿ ಮತ್ತೆ ಬರೆಯಲು ನನಗೆ ಮನಸ್ಸಿಲ್ಲ. ಆಸ್ಟ್ರೇಲಿಯಾ ಪ್ರವಾಸದಲ್ಲಿದ್ದ ಇಬ್ಬರನ್ನೂ ಕ್ರಿಕೆಟ್ ಮಂಡಳಿ ಅಮಾನತುಗೊಳಿಸಿ, ಏಕದಿನ ಸರಣಿ ಆಡಿಸದೆ ತಾಯ್ನಾಡಿಗೆ ಕಳುಹಿಸಿತು.

ಹೆಚ್ಚು ಮಾತನಾಡಿದವರು ಪಾಂಡ್ಯ. ರಾಹುಲ್ ಅವರಿಗೂ ಅದೇ ಶಿಕ್ಷೆ ಏಕೆಂದು ಆಗ ನೊಂದುಕೊಂಡವರುಂಟು. ಜಿನಮತದ ದೃಷ್ಟಿಯಲ್ಲಿ ಈ ಪ್ರಶ್ನೆಗೆ ಉತ್ತರ ಕಠಿಣವಾಗಿಯೇ ಇದೆ. ಕೃತ, ಕಾರಿತ, ಅನುಮೋದನ: ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವನನ್ನು ಮೆಚ್ಚಿದ್ದು, ಈ ಮೂರರಿಂದಲೂ ಕರ್ಮಾಸ್ರವವಾಗುತ್ತದೆ. ಹಾಗೆ ನೋಡಿದರೆ ಅಣಕಿನ ಪ್ರಶ್ನೆ ಕೇಳಿ ಮಾತು ಹೊರಡಿಸುವವರೂ, ಮನೆಯಲ್ಲಿ ಕುಳಿತು ನಗುವ ನಾವೂ ಹೊರಗುಳಿಯುವುದಿಲ್ಲ. ಆದರೆ ನಮ್ಮನ್ನು ಅಮಾನತು ಮಾಡುವವರು ಯಾರೂ ಇಲ್ಲ.

ಎರಡು ವಾರಗಳೊಳಗೆ ಅಮಾನತು ತೆರವಾಯಿತು. ಏಪ್ರಿಲ್‌ನಲ್ಲಿ ಮಂಡಳಿಯ ಓಂಬುಡ್ಸ್‌ಮನ್ ಆಗಿದ್ದ ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್ ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ವಿಧಿಸಿದರು. ಅದರಲ್ಲಿ 10 ಲಕ್ಷ, ಕರ್ತವ್ಯದಲ್ಲಿ ಮಡಿದ ಅರೆಸೇನಾಪಡೆಯ ಹತ್ತು ಕಾನ್‌ಸ್ಟೆಬಲ್‌ಗಳ ಪತ್ನಿಯರಿಗೆ ತಲಾ ಒಂದು ಲಕ್ಷದಂತೆ. ಉಳಿದ 10 ಲಕ್ಷ ಅಂಧರ ಕ್ರಿಕೆಟ್‌ಗೆ. ಹಣ ಸತ್ಪಾತ್ರಕ್ಕೇ ಸಂದಿತೆನ್ನೋಣ. ಆದರೂ ಒಂದು ಮಾತು ನನ್ನನ್ನು ಕಾಡುತ್ತದೆ. ಕನ್ನಡದಲ್ಲಿ ದಂಡವೆಂದರೆ ತೆರುವ ಹಣ. ಶಾಸ್ತ್ರದಲ್ಲಿ ಮನ, ವಚನ, ಕಾಯಗಳ ಕೆಟ್ಟ ಪ್ರವೃತ್ತಿಯೇ ದಂಡ. ಮೊದಲನೆಯದನ್ನು ತೆತ್ತ ಮಾತ್ರಕ್ಕೆ ಎರಡನೆಯದು ಕಳೆಯುವುದೇ? ಪ್ರಾಯಶ್ಚಿತ್ತದ ಭೇದಗಳಲ್ಲಿ ಮೊದಲು ನಿಲ್ಲುವುದು ಆಲೋಚನೆ, ಅಂದರೆ ದೋಷವನ್ನು ಮುಚ್ಚಿಡದೆ ಗುರುವಿನ ಮುಂದೆ ತಾನೇ ಹೇಳಿಕೊಳ್ಳುವುದು. ತಪ, ಛೇದಗಳು ಆಮೇಲಿನವು. ಪಾಂಡ್ಯ ಜಾಲತಾಣದಲ್ಲಿ ಕ್ಷಮೆ ಕೇಳಿದ್ದು ನಿಜ. ಕಾರ್ಯಕ್ರಮದ ಲಹರಿಯಲ್ಲಿ ಕೊಚ್ಚಿಹೋದೆನೆಂಬ ಸಮಾಧಾನವೂ ಅದರಲ್ಲಿ ಸೇರಿತ್ತು. ಆ ಲಹರಿಯನ್ನೇ ಕುರಿತು ಸತ್ಯವ್ರತದ ಭಾವನೆಗಳಲ್ಲಿ ಕ್ರೋಧ, ಲೋಭ, ಭಯಗಳ ಜೊತೆಗೆ ಹಾಸ್ಯದ ತ್ಯಾಗವನ್ನೂ ಎಣಿಸಿರುವುದು.

2024ರಲ್ಲಿ ಒಂದು ಸಂವಾದದಲ್ಲಿ ರಾಹುಲ್ ಆ ದಿನಗಳನ್ನು ನೆನೆದರು. ಶಾಲೆಯಲ್ಲಿ ಕೂಡ ಎಂದೂ ಅಮಾನತಾಗದಿದ್ದ ತನಗೆ ಅದನ್ನು ಹೇಗೆ ಎದುರಿಸಬೇಕೆಂದು ತಿಳಿಯಲಿಲ್ಲವೆಂದೂ, ಆ ಸಂದರ್ಶನ ತನ್ನನ್ನು ಪೂರ್ತಿ ಬದಲಿಸಿತೆಂದೂ ಹೇಳಿದರು. ಆಗ ಅವರನ್ನು ಹಾಗೆ ಹೇಳೆಂದು ಯಾವ ಮಂಡಳಿಯೂ ಒತ್ತಾಯಿಸಿರಲಿಲ್ಲ.