ಒಂದನೆಯ ಇಯತ್ತೆಯ ಗುರು

ಬೇಸಿಗೆಯಲ್ಲಿ ಪರೀಕ್ಷೆಗಳ ಫಲಿತಾಂಶ ಹೊರಬಿದ್ದಿತೆಂದರೆ ನಮ್ಮಲ್ಲಿಗೆ ಬರುವ ತಂದೆತಾಯಂದಿರ ಸಂಖ್ಯೆ ಹೆಚ್ಚುತ್ತದೆ. ಮಕ್ಕಳ ಮುಂದಿನ ವಿದ್ಯಾಭ್ಯಾಸದ ಬಗ್ಗೆ ಎರಡು ಮಾತು ಕೇಳಿ ಹೋಗುವುದು ನಮ್ಮ ಧಾರವಾಡದ ಕಡೆಯ ಭಕ್ತರಲ್ಲಿ ಬಹುಕಾಲದಿಂದ ಬಂದ ರೂಢಿ. ಹಾಗೆ ಬಂದವರಲ್ಲಿ ಒಕ್ಕಲುತನದ ಮನೆಯ ಗೃಹಸ್ಥರೊಬ್ಬರು ಮಗಳನ್ನೂ ಕರೆತಂದಿದ್ದರು. ಆಕೆ ಬಿ.ಎ., ಬಿ.ಎಡ್. ಮುಗಿಸಿದ್ದಾಳೆ. ಎಳೆಯ ಮಕ್ಕಳಿಗೆ ಕಲಿಸುವ ಶಿಕ್ಷಕಿಯಾಗಬೇಕೆಂಬುದು ಅವಳ ಆಸೆ. ಅದಕ್ಕೆ ಬಿ.ಎಡ್. ಸಲ್ಲದು, ಎರಡು ವರ್ಷದ ಡಿ.ಎಲ್.ಎಡ್. ಬೇಕು ಎಂದು ಯಾರೋ ತಿಳಿಸಿದ್ದರು. ತಂದೆಗೆ ಅದು ನುಂಗಲಾರದ ತುತ್ತಾಗಿತ್ತು.

“ಶಾಸ್ತ್ರಿಗಳೇ, ದೊಡ್ಡ ಹುಡುಗರಿಗೆ ಕಲಿಸಾಕ ಬರೂ ಹುಡುಗಿಗೆ ಸಣ್ಣವರಿಗೆ ಅ ಆ ಇ ಈ ಹೇಳಿಕೊಡಾಕ ಬರೂದಿಲ್ಲೇನ್ರಿ? ಅದಕ್ಕ ಮತ್ತ ಎರಡ ವರ್ಷ ಕಲೀಬೇಕಂದ್ರ ಹೆಂಗ್ರಿ? ಮದುವಿ ವಯಸ್ಸ ಬಂದೈತಿ.”

ಈ ಪ್ರಶ್ನೆ ನಕ್ಕು ಬಿಡುವಂಥದಲ್ಲ. ಓದಿದವರೂ ಹೀಗೆಯೇ ಭಾವಿಸಿದ್ದಾರೆ. ಕಾಲೇಜಿನಲ್ಲಿ ಬೋಧಿಸುವವರು ಮೇಲು, ಹೈಸ್ಕೂಲಿನವರು ಅವರಿಗಿಂತ ಕೆಳಗೆ, ಒಂದನೆಯ ಇಯತ್ತೆಯ ಅಕ್ಕೋರು ಎಲ್ಲರಿಗಿಂತ ಕೆಳಗೆ ಎಂಬ ಮೆಟ್ಟಿಲುಗಳನ್ನು ನಾವೇ ಕಟ್ಟಿಕೊಂಡಿದ್ದೇವೆ. ಕೆಳಗಿಳಿದಷ್ಟೂ ಕೆಲಸ ಹಗುರವೆಂದು ಎಣಿಸಿದ್ದೇವೆ. ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದೂ ಬಹುಮಟ್ಟಿಗೆ ಇದೇ ಪ್ರಶ್ನೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2018ರಲ್ಲಿ ಬಿ.ಎಡ್. ಆದವರಿಗೂ ಒಂದರಿಂದ ಐದನೆಯ ತರಗತಿಗಳಿಗೆ ಕಲಿಸಲು ಅವಕಾಶವಿತ್ತು, ನೇಮಕವಾದ ಮೇಲೆ ಆರು ತಿಂಗಳ ಪೂರಕ ತರಬೇತಿ ಪಡೆದರೆ ಸಾಕೆಂದಿತ್ತು. 2023ರ ಆಗಸ್ಟ್ 11ರಂದು ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಎಳೆಯ ಮಕ್ಕಳಿಗೆ ಕಲಿಸುವ ವಿಧಾನವೇ ಬೇರೆ, ಆದುದರಿಂದ ಅದರ ತರಬೇತಿಯೂ ಬೇರೆ ಎಂಬುದು ತೀರ್ಪಿನ ಸಾರ.

ಬೇರೆ ಎಂದರೆ ಹೇಗೆ ಬೇರೆ? ಇದನ್ನು ನಾವು ಅರಿತದ್ದು ತೀರ್ಪಿನಿಂದಲ್ಲ, ಹಳ್ಳಿಯ ಒಂದು ಸರಕಾರಿ ಶಾಲೆಯಲ್ಲಿ ಕುಳಿತು ನೋಡಿ. ಅಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ‘ನಲಿ-ಕಲಿ’ ಪದ್ಧತಿಯಲ್ಲಿ ಒಟ್ಟಿಗೆ ಕೂಡುತ್ತಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು ಆರಂಭವಾದ ಪದ್ಧತಿಯಿದು; 2009-10ರಿಂದ ರಾಜ್ಯದಾದ್ಯಂತ ಹರಡಿತು. ಇದರಲ್ಲಿ ಅಕ್ಷರಗಳ ಆರಂಭ ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಮಠದ ಜಗಲಿಯ ಮೇಲೆ ವರ್ಣಮಾಲೆಯನ್ನು ಬಾಯಿಪಾಠ ಮಾಡಿದ ನಮಗೆ ಮೊದಲು ಸಿಟ್ಟೇ ಬಂದಿತ್ತೆಂದು ಒಪ್ಪಿಕೊಳ್ಳುತ್ತೇವೆ. ಪಾಣಿನಿಗೂ ಕೇಶಿರಾಜನಿಗೂ ಹೊಳೆಯದ ಕ್ರಮ ಇವರಿಗೆಲ್ಲಿಂದ ಹೊಳೆಯಿತು ಎಂದುಕೊಂಡೆವು. ಆ ಶಾಲೆಯ ಅಕ್ಕೋರು ಏನೂ ವಾದಿಸಲಿಲ್ಲ. ಐದು ಅಕ್ಷರಗಳ ಕಾರ್ಡುಗಳನ್ನು ನಮ್ಮ ಮುಂದೆ ಹರಡಿ ಕೂಡಿಸುತ್ತ ಹೋದರು: ಸರ, ರಸ, ಅಗಸ, ದಸರ, ಗರಗಸ. ಐದೇ ಅಕ್ಷರ ಬಲ್ಲ ಮಗು ಇಷ್ಟು ಶಬ್ದಗಳನ್ನು ತಾನೇ ಓದಿಬಿಡುತ್ತದೆ! ವರ್ಣಮಾಲೆಯ ಮೊದಲ ಐದು ಸ್ವರಗಳನ್ನು ಕಲಿತ ಮಗು ಹೆಚ್ಚೆಂದರೆ ‘ಆ’, ‘ಈ’ ಎಂದು ಬೆರಳು ತೋರಿಸಬಹುದು.

ಲೆಕ್ಕದಲ್ಲಿಯೂ ಹಾಗೆಯೇ. ಇಪ್ಪತ್ತೊಂದು ಬರೆಯೆಂದರೆ ಒಂದು ಹುಡುಗಿ 201 ಎಂದು ಬರೆದಳು. ನಾವಾಗಿದ್ದರೆ ತಪ್ಪೆಂದು ಗೀರು ಹಾಕಿ ಮುಂದೆ ಹೋಗುತ್ತಿದ್ದೆವು. ಇಪ್ಪತ್ತು ಬರೆದು ಮುಂದೆ ಒಂದು ಬರೆದವಳು ಕೇಳಿದ್ದನ್ನೇ ಬರೆದಿದ್ದಾಳೆ. ಅವಳ ಕಿವಿ ಸರಿಯಾಗಿದೆ, ಹತ್ತರ ಸ್ಥಾನ ಇನ್ನೂ ತಿಳಿದಿಲ್ಲ. ಅಕ್ಕೋರು ಹತ್ತು ಹತ್ತು ಕಡ್ಡಿಗಳ ಎರಡು ಕಟ್ಟು, ಬಿಡಿಯಾಗಿ ಒಂದು ಕಡ್ಡಿ ಅವಳ ಕೈಗಿತ್ತು ಎಣಿಸಲು ಹೇಳಿದರು. ಅಷ್ಟರಲ್ಲಿ ಇನ್ನೊಂದು ಗುಂಪಿನಲ್ಲಿ ಜಗಳ ಹತ್ತಿತ್ತು. ಮನೆಯಲ್ಲಿ ಲಂಬಾಣಿ ಮಾತನಾಡುವ ತಾಂಡೆಯ ಮಗುವೊಂದು ಮೂಲೆಯಲ್ಲಿ ಮೌನವಾಗಿ ಕುಳಿತಿತ್ತು. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ, ಯಾರನ್ನು ತಮ್ಮ ಬಳಿ ಕೂಡಿಸಿಕೊಳ್ಳಬೇಕು, ಯಾರನ್ನು ಜೊತೆಯ ಮಕ್ಕಳಿಗೆ ಒಪ್ಪಿಸಬೇಕು ಎಂಬುದೆಲ್ಲ ಆ ಒಬ್ಬ ಹೆಣ್ಣುಮಗಳ ತಲೆಯಲ್ಲಿರಬೇಕು.

ಇದು ಪಾಠದ ಮಾತಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ಕೆಲಸದ ದಿನ, 800 ಗಂಟೆಗಳ ಬೋಧನೆ ನಡೆಯಬೇಕು. ಸಿದ್ಧತೆಯೂ ಸೇರಿ ಶಿಕ್ಷಕರಿಗೆ ವಾರಕ್ಕೆ 45 ಗಂಟೆ. ಮಕ್ಕಳನ್ನು ಹೊಡೆಯುವಂತಿಲ್ಲ, ಖಾಸಗಿ ಟ್ಯೂಷನ್ ಹೇಳುವಂತಿಲ್ಲ. ಇದರೊಂದಿಗೆ ಅಕ್ಷರ ದಾಸೋಹದ ಊಟದ ಲೆಕ್ಕ, ಹಾಲಿನ ಲೆಕ್ಕ, ಶಾಲಾಭಿವೃದ್ಧಿ ಸಮಿತಿಯ ಸಭೆ, ಕಂಪ್ಯೂಟರಿಗೆ ಏರಿಸಬೇಕಾದ ಪ್ರತಿ ಮಗುವಿನ ವಿವರ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಅದೇ ಕಾಯಿದೆ ಹೇಳುತ್ತದೆ. ಆದರೂ 2025ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ನಡೆದ ಸಮೀಕ್ಷೆಗೆ ಪಟ್ಟಿ ಹಿಡಿದು ನಮ್ಮ ಮನೆಬಾಗಿಲಿಗೆ ಬಂದವರು ಬಹುಮಟ್ಟಿಗೆ ಶಿಕ್ಷಕರೇ ಅಲ್ಲವೆ?

ದಾರಿಯನ್ನೂ ಹೇಳಿಬಿಡುತ್ತೇವೆ. ಪಿ.ಯು.ಸಿ.ಯಲ್ಲಿ ಶೇಕಡಾ 50 ಅಂಕ, ಮೀಸಲಾತಿಯವರಿಗೆ ಶೇಕಡಾ 45. ಆಮೇಲೆ ಎರಡು ವರ್ಷದ ಡಿ.ಎಲ್.ಎಡ್.; ಹಿರಿಯರು ಟಿ.ಸಿ.ಎಚ್. ಎನ್ನುತ್ತಿದ್ದುದೇ ಡಿ.ಎಡ್. ಆಗಿ ಈಗ ಈ ಹೆಸರು ಪಡೆದಿದೆ. ಒಂದು ಕಾಲಕ್ಕೆ ಸೀಟಿಗಾಗಿ ನೂಕುನುಗ್ಗಲಿತ್ತು. ಈಗ ಅನೇಕ ಕಾಲೇಜುಗಳು ಬಾಗಿಲು ಹಾಕಿವೆ. ಬಳಿಕ ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲನೆಯ ಪತ್ರಿಕೆ: 150 ಅಂಕ, ಸಾಮಾನ್ಯ ವರ್ಗದವರು 90 ಪಡೆಯಬೇಕು. ಸರಕಾರ ಹುದ್ದೆಗಳನ್ನು ಕರೆದಾಗಿನ ಸ್ಪರ್ಧೆ ಬೇರೆ. ಅದಕ್ಕೆ ವರ್ಷಗಟ್ಟಲೆ ಕಾಯಬೇಕಾದುದೂ ಉಂಟು. ಬಿ.ಎಡ್. ಆದವರಿಗೆ ಆರರಿಂದ ಎಂಟನೆಯ ತರಗತಿಯ ಪದವೀಧರ ಶಿಕ್ಷಕರ ಹುದ್ದೆ ಇದೆ. ಅದಕ್ಕೆ ಎರಡನೆಯ ಪತ್ರಿಕೆ.

ಈ ಕೊನೆಯ ಮಾತು ಕೇಳಿ ಆ ಗೃಹಸ್ಥರ ಮುಖ ಅರಳಿತು. ಮಗಳು ಮಾತ್ರ ತಲೆ ತಗ್ಗಿಸಿದಳು. ಶಾಲೆ ತೆರೆದ ಮೇಲೆ ನಾಲ್ಕು ದಿನ ಅದೇ ಅಕ್ಕೋರ ವರ್ಗದಲ್ಲಿ ಕುಳಿತು ಬಾ, ಆಮೇಲೆ ನಿರ್ಣಯವಾಗಲಿ ಎಂದೆವು.

ಅವಳು ಮರಳಿ ಬಂದು ಒಂದು ಸಂಗತಿ ಹೇಳಿದಳು. ಎರಡನೆಯ ಇಯತ್ತೆಯ ಹುಡುಗನೊಬ್ಬ ‘ಗರಗಸ’ ಎಂಬ ಕಾರ್ಡನ್ನು ‘ಕರಗಸ’ ಎಂದು ಓದಿದ. ಇವಳು ಮೂರು ಸಲ ತಿದ್ದಿದಳು. ಅವನು ನಾಲ್ಕನೆಯ ಸಲವೂ ಹಾಗೆಯೇ ಓದಿ ಅಳುಮೋರೆ ಮಾಡಿದ. ಅಕ್ಕೋರು ಬಂದು ‘ಗ’ ಒಂದನ್ನೇ ಅವನ ಮುಂದಿಟ್ಟರು. “ಗ” ಎಂದ. ಅಕ್ಷರ ಅವನಿಗೆ ಬರುತ್ತದೆ. ಮನೆಯಲ್ಲಿ ಆ ಸಾಮಾನಿಗೆ ಕರಗಸ ಎನ್ನುತ್ತಾರೆ, ಅಷ್ಟೆ.

“ನಾ ಅವಗ ಓದಾಕ ಬರೂದಿಲ್ಲ ಅಂತ ಬರದಿಟ್ಟಿದ್ನಿರಿ,” ಎಂದಳು ಹುಡುಗಿ.

ಡಿ.ಎಲ್.ಎಡ್. ಅರ್ಜಿ ತುಂಬಿದ್ದಾಳೆ. ತಂದೆ ಬಾಯಿಬಿಟ್ಟು ಒಪ್ಪಿಲ್ಲ. ಆದರೆ ಅರ್ಜಿಯ ಹಣ ಅವರೇ ಕೊಟ್ಟರಂತೆ.