ತರಗು ಮತ್ತೆ ಮರವಾಗುವ ದಾರಿ

ಮರ ತನ್ನ ಎಲೆಯನ್ನು ಸುಮ್ಮನೆ ಉದುರಿಸುವುದಿಲ್ಲ. ಹಸಿರು ಮಾಸಿ ಹಳದಿಯಾಗುವ ದಿನಗಳಲ್ಲಿ ಎಲೆಯೊಳಗಿನ ಸಾರಜನಕ, ರಂಜಕಗಳಲ್ಲಿ ಸುಮಾರು ಅರ್ಧದಷ್ಟನ್ನು ಟೊಂಗೆಗೆ ಎಳೆದುಕೊಂಡು, ಆಮೇಲೆ ತೊಟ್ಟು ಕಳಚುತ್ತದೆ. ಬಿಸಿಲು ಕಾಡಿಗೆ ದಿನವೂ ಹೊಸದಾಗಿ ಬರುತ್ತದೆ. ಈ ಧಾತುಗಳು ಹಾಗಲ್ಲ. ಇದ್ದುದನ್ನೇ ಮತ್ತೆ ಮತ್ತೆ ಬಳಸಬೇಕು.

ಪಶ್ಚಿಮಘಟ್ಟದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮಿಕ್ಕಿ ಸುರಿಯುವ ಮಳೆ ಮಣ್ಣಿನ ಸಾರವನ್ನು ತೊಳೆಯುತ್ತದೆ. ಉಳಿದ ರಂಜಕವನ್ನು ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂಗಳು ಕಚ್ಚಿ ಹಿಡಿದುಬಿಡುತ್ತವೆ. ಇಂಥ ನೆಲದಲ್ಲಿ ಅಷ್ಟು ದಟ್ಟ ಕಾಡನ್ನು ಸಾಕುತ್ತಿರುವುದು ಮೇಲಿನ ತರಗಿನ ಹಾಸು.

ಮಳೆಗಾಲದ ನಡುವೆ ಆ ಹಾಸನ್ನು ಕೈಯಿಂದ ಸರಿಸಿದರೆ ಮೇಲೆ ಇಡೀ ಎಲೆ, ಅದರಡಿ ತೂತುಬಿದ್ದ ಎಲೆ, ಅದಕ್ಕೂ ಕೆಳಗೆ ತಿರುಳು ಹೋಗಿ ನರಗಳಷ್ಟೇ ಬಲೆಯಂತೆ ಉಳಿದ ಎಲೆ. ತಳದಲ್ಲಿ ಎಲೆಯೋ ಮಣ್ಣೋ ಹೇಳಲಾಗದ ಕಪ್ಪು ಪುಡಿ, ಅದನ್ನು ಹೊಲಿದಂತೆ ಹರಡಿದ ಬಿಳಿ ಎಳೆಗಳು.

ಎಲೆಯಿಂದ ಮೊದಲು ಹೋಗುವುದು ಪೊಟ್ಯಾಸಿಯಂ. ಅದು ಮಳೆನೀರಿನಲ್ಲೇ ಕರಗಿ ಇಳಿಯುತ್ತದೆ. ಚೋರಟೆ, ಎರೆಹುಳುಗಳು ಎಲೆಯನ್ನು ಚೂರು ಮಾಡುತ್ತವೆ. ಕೆಲವು ಗೆದ್ದಲುಗಳಂತೂ ತರಗನ್ನು ಹುತ್ತದೊಳಕ್ಕೆ ಸಾಗಿಸಿ, ಅದರ ಮೇಲೆ ಶಿಲೀಂಧ್ರ ಬೆಳೆಸಿ ಉಣ್ಣುತ್ತವೆ. ಮಳೆ ಹಿಡಿದಾಗ ಹುತ್ತದ ಮೇಲೆ ಏಳುವ ಅಣಬೆ ಆ ಬೆಳೆಯದೇ. ಎಲೆಗೂ ಕಟ್ಟಿಗೆಗೂ ಗಟ್ಟಿತನ ಕೊಡುವ ಲಿಗ್ನಿನ್ ಅನ್ನು ಪೂರ್ತಿ ಒಡೆಯುವ ಶಕ್ತಿ ಮುಖ್ಯವಾಗಿ ಶಿಲೀಂಧ್ರಗಳಿಗಿದೆ. ಈ ಜೀವಿಗಳ ಉಸಿರಿನೊಂದಿಗೆ ಇಂಗಾಲದ ಬಹುಪಾಲು ಗಾಳಿಗೆ ಮರಳುತ್ತದೆ.

ಸಾರಜನಕದ ಹಾದಿ ಅಷ್ಟು ಸಲೀಸಲ್ಲ. ತರಗಿನಲ್ಲಿ ಇಂಗಾಲ ಹೇರಳ, ಸಾರಜನಕ ಕಡಿಮೆ. ಹಾಗಾಗಿ ಸೂಕ್ಷ್ಮಜೀವಿಗಳು ಸಿಕ್ಕ ಸಾರಜನಕವನ್ನೆಲ್ಲ ಮೊದಲು ತಮ್ಮ ಮೈಗೇ ಹಾಕಿಕೊಳ್ಳುತ್ತವೆ. ಅವು ಸತ್ತಾಗ, ಇಲ್ಲವೇ ಇತರ ಜೀವಿಗಳ ಬಾಯಿಗೆ ಬಿದ್ದಾಗ ಮಾತ್ರ ಅದು ಬೇರಿಗೆ ದಕ್ಕುತ್ತದೆ. ಬೇರಿನ ತುದಿಯಲ್ಲೂ ಶಿಲೀಂಧ್ರದ್ದೇ ನಂಟು. ಮರದಿಂದ ಸಕ್ಕರೆ ಪಡೆದು, ಬೇರು ಮುಟ್ಟಲಾರದ ಸಂದಿಗಳಿಂದ ರಂಜಕ ತಂದುಕೊಡುವ ಈ ಜೋಡಿಗೆ 1885ರಲ್ಲಿ ಮೈಕೊರೈಜಾ ಎಂದು ಹೆಸರಿಟ್ಟವರು ಜರ್ಮನಿಯ ಎ. ಬಿ. ಫ್ರಾಂಕ್.

ಉತ್ತರ ಕನ್ನಡದ ಅಡಿಕೆ ತೋಟಗಳು ನಿಂತಿರುವುದು ಇದೇ ತಿರುಗಣೆಯ ಮೇಲೆ. ತೋಟದ ಗೊಬ್ಬರಕ್ಕೆಂದೇ ಬಿಟ್ಟ ಸೊಪ್ಪಿನ ಬೆಟ್ಟದ ಸೊಪ್ಪು, ತರಗು ಕೊಟ್ಟಿಗೆಯ ಹಾಸಾಗಿ, ಸಗಣಿ ಗಂಜಲ ಕುಡಿದು, ಗೊಬ್ಬರಗುಂಡಿಯಲ್ಲಿ ಕಳಿತು ತೋಟ ಸೇರುತ್ತದೆ. ತರಗಿಗೆ ಕೊರೆಯಾದ ಸಾರಜನಕವನ್ನು ಸಗಣಿ, ಗಂಜಲ ತುಂಬಿಕೊಡುತ್ತವೆ. ಗುಂಡಿಯಲ್ಲೇ ಕೊಳೆತು ಬರುವುದರಿಂದ ತೋಟದ ಮಣ್ಣಿನ ಸಾರಜನಕಕ್ಕೆ ಸೂಕ್ಷ್ಮಜೀವಿಗಳು ಕೈಹಾಕುವುದಿಲ್ಲ. ಎಷ್ಟು ಜಾಣ ಏರ್ಪಾಡು! ಆದರೆ ತೋಟಕ್ಕೆ ಬಂದದ್ದು ಬೆಟ್ಟಕ್ಕೆ ಹಿಂದಿರುಗುವುದಿಲ್ಲ. ವರ್ಷವೂ ಪೂರ್ತಿ ಗುಡಿಸಿದ ಬೆಟ್ಟದ ಬೋಳು ನೆಲಕ್ಕೆ ಮಳೆಹನಿ ನೇರ ಬಡಿಯುತ್ತದೆ, ಮೇಲ್ಮಣ್ಣು ಹಳ್ಳಕ್ಕಿಳಿಯುತ್ತದೆ.

ಶಿರಸಿ ಸೀಮೆಯ ಹಲವು ಹಳ್ಳಗಳು ಅಘನಾಶಿನಿಯನ್ನು ಕೂಡುತ್ತವೆ. ನದಿ ತಂದ ಪೋಷಕಾಂಶ ಕುಮಟಾದ ಅಳಿವೆಯಲ್ಲಿ ಪಾಚಿಯಾಗಿ, ಪಾಚಿ ತಿನ್ನುವ ಬಳಚು ಎಂಬ ಚಿಪ್ಪುಜೀವಿಯಾಗಿ, ಮೀನಾಗಿ, ಹಕ್ಕಿಗಳಿಂದಲೂ ಮೀನುಗಾರರಿಂದಲೂ ಒಂದಿಷ್ಟು ದಡಕ್ಕೆ ಮರಳುತ್ತದೆ. ಸಾರಜನಕ ಅನಿಲವಾಗಿ ಗಾಳಿಗೆ ಸೇರಬಲ್ಲದು. ರಂಜಕಕ್ಕೆ ಆ ದಾರಿಯಿಲ್ಲ. ಕಡಲ ತಳದಲ್ಲಿ ಕೆಸರಾಗಿ ಕೂತ ರಂಜಕ ಬಂಡೆಗಟ್ಟಿ, ಆ ಬಂಡೆ ಮೇಲೆದ್ದು, ಮಳೆಗಾಳಿಗೆ ಸವೆದು ಇನ್ನೊಂದು ಬೇರಿಗೆ ಸಿಗುವಷ್ಟರಲ್ಲಿ ಕೋಟಿಗಟ್ಟಲೆ ವರ್ಷಗಳು ಕಳೆದಿರುತ್ತವೆ.