ಕಾಫಿಯ ಮೇಲೆ ಹಾಡು ಕಟ್ಟಿದ ರೈತ



ನಾವು ಬೆಳೆದ ಕಾಫಿ ಯಾರ ಮನೆಯ ಲೋಟ ಸೇರುತ್ತದೆಂಬುದು ನಮಗೆ ತಿಳಿಯುವುದಿಲ್ಲ. ಕುಡಿಯುವವರಿಗೂ ಬೆಳೆದವರ ಹೆಸರು ತಿಳಿಯದು. ಕಣದಿಂದ ಚೀಲ ಹೊರಟಿತೆಂದರೆ ಮುಂದಿನ ಹೆಸರುಗಳೆಲ್ಲ ಬೇರೆಯವರವು: ವ್ಯಾಪಾರಿಯದು, ಕ್ಯೂರಿಂಗ್ ವರ್ಕ್ಸಿನದು, ಕೊನೆಗೆ ಪೊಟ್ಟಣದ ಮೇಲಿರುವ ಕಂಪೆನಿಯದು. ಹಾಡುಗಳ ಗತಿಯೂ ಹೆಚ್ಚುಕಡಿಮೆ ಹೀಗೆಯೇ. ದೊಡ್ಡ ಕಂಪೆನಿಯ, ಸಿನಿಮಾದ ಆಸರೆಯಿಲ್ಲದೆ ತಮ್ಮಷ್ಟಕ್ಕೆ ತಾವು ಹಾಡು ಕಟ್ಟಿ ಹಾಡಿಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ. ಹಾಡು ಊರೂರು ಸುತ್ತುತ್ತದೆ. ಕಟ್ಟಿದವನ ಹೆಸರು ಮನೆಯ ಜಗುಲಿಯಲ್ಲೇ ಉಳಿದುಬಿಡುತ್ತದೆ.

ಅಂಥ ಒಬ್ಬ ಹಾಡುಗಾರರ ವಿಷಯವನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ. ಅವರು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ರೈತ. ಕಾಫಿಯ ಮೇಲೆಯೇ ಒಂದು ಹಾಡು ಹಾಡಿದವರು. ಹೆಸರು ಜಾನ್ ಹರ್ಟ್. ಲೋಕ ಅವರನ್ನು ಮಿಸಿಸಿಪ್ಪಿ ಜಾನ್ ಹರ್ಟ್ ಎಂದು ಕರೆಯಿತು.

ಹತ್ತಿ ಹೊಲದ ಹಾಡುಗಾರ

ಜಾನ್ ಹರ್ಟ್ ಹುಟ್ಟಿದ್ದು ಮಿಸಿಸಿಪ್ಪಿಯ ಕ್ಯಾರಲ್ ಕೌಂಟಿಯಲ್ಲಿ, 1892 ಅಥವಾ 1893ರಲ್ಲಿ. ಬೆಳೆದದ್ದು ಅವಲಾನ್ ಎಂಬ ಹಳ್ಳಿಯಲ್ಲಿ. ಅದು ಹತ್ತಿ ಬೆಳೆಯುವ ಸೀಮೆ. ಗುಲಾಮಗಿರಿ ಕಾನೂನಿನಲ್ಲಿ 1865ರಲ್ಲೇ ಕೊನೆಗೊಂಡಿದ್ದರೂ ಅಲ್ಲಿನ ಬಹುಪಾಲು ಕಪ್ಪು ಜನರಿಗೆ ಸ್ವಂತ ಭೂಮಿ ಇರಲಿಲ್ಲ. ಬೇರೆಯವರ ನೆಲವನ್ನು ಪಾಲಿಗೆ ಮಾಡುವುದು, ಬೀಜ ಗೊಬ್ಬರಕ್ಕೆ ಧಣಿಯಿಂದಲೇ ಸಾಲ ತರುವುದು, ಸುಗ್ಗಿಯಲ್ಲಿ ಲೆಕ್ಕ ನೋಡಿದರೆ ಕೈಗೆ ಏನೂ ಉಳಿಯದಿರುವುದು—ಇದು ಅಲ್ಲಿನ ಸಾಮಾನ್ಯ ಬದುಕು. ಗೇಣಿಯ ಕಾಲವನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಾನ್ ಹರ್ಟ್ ಶಾಲೆಯನ್ನು ಬೇಗನೆ ಬಿಟ್ಟರು. ಗಿಟಾರ್ ನುಡಿಸುವುದನ್ನು ಬಾಲ್ಯದಲ್ಲೇ ತಾವಾಗಿ ಕಲಿತರು, ಗುರುವೆಂಬವರು ಇರಲಿಲ್ಲ. ಅವರ ಕೈ ಓಡುವ ರೀತಿಯೇ ಬೇರೆ. ಹೆಬ್ಬೆರಳು ಕೆಳಸ್ವರದ ತಂತಿಗಳನ್ನು ಒಂದಾದ ಮೇಲೊಂದರಂತೆ ಮೀಟುತ್ತ ತಾಳ ಹಿಡಿದಿರುತ್ತದೆ. ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡಿನ ಧಾಟಿಯನ್ನು ನುಡಿಸುತ್ತವೆ. ಕೇಳಿದವರಿಗೆ ಇಬ್ಬರು ಕೂತು ನುಡಿಸುತ್ತಿದ್ದಾರೇನೋ ಎಂಬ ಭ್ರಮೆ ಬರುತ್ತದೆ. ದನಿಯೂ ಅಬ್ಬರದ್ದಲ್ಲ, ಜಗುಲಿಯ ಮೇಲೆ ಕೂತು ಮನೆಮಂದಿಗೆ ಕೇಳುವಷ್ಟೇ ಮೆಲುದನಿ. ಹಗಲು ಹೊಲದ ಕೆಲಸ, ಶನಿವಾರದ ರಾತ್ರಿ ಊರಿನ ಕುಣಿತಗಳಲ್ಲಿ ಗಿಟಾರ್. ಹಾಡುವುದು ಹೊಟ್ಟೆಪಾಡಿನ ಕಸುಬಾಗಬಹುದೆಂಬ ಯೋಚನೆ ಅವರಿಗಿದ್ದಂತೆ ಕಾಣುವುದಿಲ್ಲ.

ಇಪ್ಪತ್ತು ಡಾಲರಿನ ಚೇಣಿ

ಅವಲಾನ್ ಬಳಿ ವಿಲ್ಲಿ ನಾರ್ಮರ್ ಎಂಬ ಬಿಳಿಯ ಪಿಟೀಲು ವಾದಕರಿದ್ದರು. ಒಕೆ ಎಂಬ ಗ್ರಾಮಫೋನ್ ಕಂಪೆನಿಯವರು ಅವರ ಪಿಟೀಲನ್ನು ಧ್ವನಿಮುದ್ರಿಸಲು ಬಂದಾಗ, ಈ ಕಡೆ ಬೇರೆ ಯಾರಾದರೂ ಚೆನ್ನಾಗಿ ನುಡಿಸುವವರುಂಟೋ ಎಂದು ಕೇಳಿದರಂತೆ. ನಾರ್ಮರ್ ಹೇಳಿದ್ದು ನೆರೆಯ ಜಾನ್ ಹರ್ಟ್ ಹೆಸರನ್ನು. ಬಿಳಿಯರು ಕರಿಯರು ಒಂದೇ ಬೆಂಚಿನ ಮೇಲೆ ಕೂರುವಂತಿಲ್ಲದ ಕಾಲದಲ್ಲಿ ಈ ಶಿಫಾರಸು ಸಣ್ಣ ಮಾತಲ್ಲ.

1928ರ ಫೆಬ್ರುವರಿಯಲ್ಲಿ ಜಾನ್ ಹರ್ಟ್ ಮೆಂಫಿಸ್ ನಗರಕ್ಕೆ ಹೋಗಿ ಎಂಟು ಹಾಡುಗಳನ್ನು ಹಾಡಿಬಂದರು. ಕಂಪೆನಿ ಹೊರತಂದದ್ದು ಎರಡನ್ನು ಮಾತ್ರ. ಅದೇ ವರ್ಷದ ಡಿಸೆಂಬರಿನಲ್ಲಿ ಅವರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಹಳ್ಳಿ ಬಿಟ್ಟು ಅಷ್ಟು ದೂರ ಹೋದವರಿಗೆ ಊರಿನ ನೆನಪು ಕಾಡಿತು. ಊರಿನ ಹೆಸರನ್ನೇ ಇಟ್ಟು ‘ಅವಲಾನ್ ಬ್ಲೂಸ್’ ಎಂಬ ಹಾಡನ್ನು ಅಲ್ಲಿ ಹಾಡಿ ಮುದ್ರಿಸಿದರು. ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರ ದುಡಿಮೆ, ದುಃಖ, ಹಾಸ್ಯ, ಹಂಬಲಗಳಿಂದ ಹುಟ್ಟಿದ ಹಾಡಿನ ಬಗೆ.

ಹಾಡೊಂದಕ್ಕೆ ಕೊಟ್ಟದ್ದು ಸುಮಾರು 20 ಡಾಲರ್, ಮೇಲೆ ಪ್ರಯಾಣದ ಖರ್ಚು. ಆ ಕಾಲದಲ್ಲಿ ಒಂದು ತಟ್ಟೆಯ ಬೆಲೆ ಮುಕ್ಕಾಲು ಡಾಲರ್. ತಟ್ಟೆ ನೂರು ಹೋಗಲಿ, ಹತ್ತು ಸಾವಿರ ಹೋಗಲಿ, ಹಾಡಿದವರಿಗೆ ಕೊಟ್ಟ ಹಣ ಕೊಟ್ಟದ್ದೇ. ಇದು ಮರದ ಮೇಲಿನ ಅಡಿಕೆಯನ್ನು ಚೇಣಿಗೆ ಕೊಟ್ಟಂತೆ. ಕೈಗೆ ಒಮ್ಮೆ ಹಣ ಬರುತ್ತದೆ, ಅವಸರಕ್ಕೆ ಒದಗುತ್ತದೆ. ಮುಂದೆ ಧಾರಣೆ ಏರಿದರೆ ಅದು ಚೇಣಿದಾರನ ಪಾಲು. ಜಾನ್ ಹರ್ಟ್‌ಗೆ ಆಗ ಬೇರೆ ದಾರಿಯೂ ಇರಲಿಲ್ಲ, ಕೇಳಿ ತಿಳಿಯಲು ಒಂದು ಸಂಘವೂ ಇರಲಿಲ್ಲ.

1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಆರ್ಥಿಕ ಮುಗ್ಗಟ್ಟಿನಲ್ಲಿ ಗ್ರಾಮಫೋನ್ ತಟ್ಟೆ ಕೊಳ್ಳುವವರೇ ಇಲ್ಲವಾದರು. ಕಂಪೆನಿಯಿಂದ ಮತ್ತೆ ಕರೆ ಬರಲಿಲ್ಲ. ಜಾನ್ ಹರ್ಟ್ ಅವಲಾನ್‌ನಲ್ಲೇ ಉಳಿದು ಹೊಲದ ಕೆಲಸ ಮುಂದುವರಿಸಿದರು. ಹೀಗೆಯೇ 35 ವರ್ಷ ಕಳೆಯಿತು.

ನಕಾಶೆಯಲ್ಲಿ ಸಿಕ್ಕ ಊರು

1952ರಲ್ಲಿ ಹ್ಯಾರಿ ಸ್ಮಿತ್ ಎಂಬವರು ಅಮೆರಿಕದ ಜನಪದ ಸಂಗೀತದ ಹಳೆಯ ತಟ್ಟೆಗಳಿಂದ 84 ಮುದ್ರಣಗಳನ್ನು ಆಯ್ದು ಒಂದು ಸಂಕಲನ ಹೊರತಂದರು. ಅದರಲ್ಲಿ ಜಾನ್ ಹರ್ಟ್ ಅವರ ಎರಡು ಹಾಡುಗಳಿದ್ದವು. ನಗರಗಳ ಯುವಕರು ಅವನ್ನು ಕೇಳಿ ಬೆರಗಾದರು. ಆದರೆ ಹಾಡಿದವರು ಯಾರು, ಬದುಕಿದ್ದಾರೆಯೇ ಎಂಬುದನ್ನು ಹೇಳಬಲ್ಲವರು ಸಿಗಲಿಲ್ಲ. ತೀರಿಕೊಂಡಿರಬೇಕೆಂದೇ ಅನೇಕರು ಭಾವಿಸಿದರು.

ಹತ್ತು ವರ್ಷಗಳ ಮೇಲೆ ‘ಅವಲಾನ್ ಬ್ಲೂಸ್’ ತಟ್ಟೆಯ ಧ್ವನಿ ವಾಷಿಂಗ್ಟನ್ನಿನ ಸಂಗೀತಪ್ರಿಯರ ಗುಂಪೊಂದಕ್ಕೆ ಸಿಕ್ಕಿತು. ಹಾಡಿನಲ್ಲಿ ಹಾಡುಗಾರರೇ ತಮ್ಮೂರನ್ನು ಹೇಳಿಕೊಂಡಿದ್ದಾರೆ. ಆ ಊರು ಎಲ್ಲಿದೆ? ಹೊಸ ಭೂಪಟದಲ್ಲಿ ಇರಲಿಲ್ಲ. ಹಳೆಯ ನಕಾಶೆಯೊಂದನ್ನು ತೆಗೆದು ನೋಡಿದಾಗ ಮಿಸಿಸಿಪ್ಪಿಯ ಗ್ರೀನ್‌ವುಡ್ ಮತ್ತು ಗ್ರೆನಾಡಾ ಪಟ್ಟಣಗಳ ನಡುವೆ ಅವಲಾನ್ ಎಂಬ ಚುಕ್ಕೆ ಸಿಕ್ಕಿತು.

1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಯುವಕ ಅಲ್ಲಿಗೆ ಹೊರಟ. ಜಾನ್ ಹರ್ಟ್ ಎಂಬವರು ಗೊತ್ತೇ ಎಂದು ವಿಚಾರಿಸಿದರೆ, ಊರಿನವರು ಸುಲಭವಾಗಿ ಮನೆಯ ದಾರಿ ತೋರಿಸಿದರು. ಲೋಕಕ್ಕೆ ಕಳೆದುಹೋದವರು ಊರಿಗೆ ಕಳೆದುಹೋಗಿರಲೇ ಇಲ್ಲ! ಬಾಗಿಲಲ್ಲಿ ಬಿಳಿಯ ಅಪರಿಚಿತನನ್ನು ಕಂಡು ಜಾನ್ ಹರ್ಟ್ ಮೊದಲು ಗಾಬರಿಗೊಂಡರಂತೆ. ಸರ್ಕಾರದ ಪತ್ತೇದಾರ ಇರಬೇಕು, ತಾನೇನು ತಪ್ಪು ಮಾಡಿದೆನೆಂದು ಯೋಚಿಸಿದರಂತೆ. ಅದೇ ವರ್ಷ ಹತ್ತಿರದ ಗ್ರೀನ್‌ವುಡ್‌ನಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಹೋರಾಟ ನಡೆದಿತ್ತು. ಆ ಭಯ ಸುಮ್ಮನೆ ಬಂದದ್ದಲ್ಲ.

ಆಗ ಅವರ ಬಳಿ ಸ್ವಂತ ಗಿಟಾರ್ ಕೂಡ ಇರಲಿಲ್ಲ. ಬಂದವನ ಗಿಟಾರನ್ನೇ ತೆಗೆದುಕೊಂಡು ನುಡಿಸಿದರು. ತಟ್ಟೆಯಲ್ಲಿ ಕೇಳಿದ ಬೆರಳುಗಳು ಇವೇ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

1963ರ ಜುಲೈಯಲ್ಲಿ ಜಾನ್ ಹರ್ಟ್ ನ್ಯೂಪೋರ್ಟ್ ಜನಪದ ಸಂಗೀತೋತ್ಸವದ ವೇದಿಕೆ ಏರಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವರ ಹಾಡುಗಳನ್ನು ಮುದ್ರಿಸಿ ಇಟ್ಟುಕೊಂಡಿತು. ವಾಷಿಂಗ್ಟನ್ನಿನ ಕಾಫಿ ಹೌಸ್ ಒಂದರಲ್ಲಿ ಅವರ ಹಾಡು ಕೇಳಲು ಜನ ಸೇರುತ್ತಿದ್ದರು. ಎಪ್ಪತ್ತರ ವಯಸ್ಸಿನಲ್ಲಿ ದೊರೆತ ಈ ಎರಡನೆಯ ಫಸಲು ಮೂರೇ ವರ್ಷದ್ದು. 1966ರ ನವೆಂಬರ್ 2ರಂದು ಅವರು ಗ್ರೆನಾಡಾದಲ್ಲಿ ತೀರಿಕೊಂಡರು.

ಹಾಡುಗಳ ಹಿಂದೆ ಏನಿತ್ತು?

ಅವರ ಹಾಡುಗಳು ಎಲ್ಲಿಂದ ಬಂದವು ಎಂದು ನೋಡಿದರೆ ಪ್ರತಿಯೊಂದಕ್ಕೂ ಒಂದು ನೆಲೆ ಕಾಣುತ್ತದೆ.

ಯೌವನದಲ್ಲಿ ಅವರು ಸ್ವಲ್ಪ ಕಾಲ ರೈಲುದಾರಿಯ ದುರಸ್ತಿ ಗ್ಯಾಂಗಿನಲ್ಲಿ ಕೆಲಸ ಮಾಡಿದ್ದರು. ಅಲ್ಲಿ ಜೊತೆಗಾರನೊಬ್ಬನಿಂದ ಕಲಿತದ್ದು ‘ಸ್ಪೈಕ್ ಡ್ರೈವರ್ ಬ್ಲೂಸ್’. ಜಾನ್ ಹೆನ್ರಿ ಎಂಬ ಸುತ್ತಿಗೆಯ ಕಾರ್ಮಿಕ ಉಗಿಯಂತ್ರದೊಂದಿಗೆ ಪಂತ ಕಟ್ಟಿ, ಗೆದ್ದು, ಗೆದ್ದ ಗಳಿಗೆಯಲ್ಲೇ ಸತ್ತನೆಂಬುದು ಅಮೆರಿಕದಲ್ಲಿ ಮನೆಮಾತಾದ ಕಥೆ. ಅನೇಕರು ಅವನ ಸಾಹಸವನ್ನು ಹೊಗಳಿ ಹಾಡಿದರು. ಜಾನ್ ಹರ್ಟ್ ಹಾಡಿದ್ದರಲ್ಲಿ ಮಾತು ಬೇರೆ: ಅವನನ್ನು ಕೊಂದ ಸುತ್ತಿಗೆ ನನ್ನನ್ನು ಕೊಲ್ಲಲಾರದು ಎಂದು ಕೂಲಿಯವನು ಅದನ್ನು ಮೇಸ್ತ್ರಿಗೆ ಒಪ್ಪಿಸಿ ಹೊರಟುಹೋಗುತ್ತಾನೆ. ಧಣಿಯ ಕೆಲಸಕ್ಕಾಗಿ ಸಾಯುವುದು ವೀರತನವಲ್ಲ ಎಂಬ ಈ ತಿಳಿವಳಿಕೆ ಬೆನ್ನು ಬಗ್ಗಿಸಿ ದುಡಿದವರಿಗೆ ಮಾತ್ರ ಬರುವಂಥದು.

‘ಲೂಯಿ ಕಾಲಿನ್ಸ್’ ಎಂಬ ಇನ್ನೊಂದು ಹಾಡು ಕೊಲೆಯಾದ ಯುವಕನದು. ಇದನ್ನು ಹೇಗೆ ಕಟ್ಟಿದಿರಿ ಎಂದು ಕೇಳಿದಾಗ, ಜನ ಆಡಿಕೊಳ್ಳುವುದನ್ನು ಕೇಳಿಸಿಕೊಂಡೆ, ಹಾಡಿಗೆ ಸಾಕಾಗುವಷ್ಟು ಕಥೆ ಸಿಕ್ಕಿತು ಎಂಬ ಅರ್ಥದಲ್ಲಿ ಉತ್ತರಿಸಿದ್ದರು. ಹಾಡು ಕೊಲೆಗಾರನ ಹಿಂದೆ ಓಡುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಅಳುವಿನ ಬಳಿ ನಿಲ್ಲುತ್ತದೆ.

ಇನ್ನು ನಮ್ಮ ಬೆಳೆಯ ಹಾಡಿಗೆ ಬರೋಣ. ‘ಕಾಫಿ ಬ್ಲೂಸ್’ 1966ರಲ್ಲಿ ಹೊರಬಂದ ಅವರ ‘ಟುಡೇ’ ಎಂಬ ತಟ್ಟೆಯಲ್ಲಿದೆ. ಹಾಡುವ ಮೊದಲು ಅವರು ಮ್ಯಾಕ್ಸ್‌ವೆಲ್ ಹೌಸ್ ಕಾಫಿಯನ್ನು ಹೆಸರಿಟ್ಟು ನೆನೆಯುತ್ತಾರೆ, ಕೊನೆಯ ಹನಿಯವರೆಗೂ ರುಚಿ ಎಂಬ ಅದರ ಜಾಹೀರಾತಿನ ಮಾತನ್ನು ನಗುತ್ತ ಎತ್ತಿಕೊಳ್ಳುತ್ತಾರೆ. 1892ರಲ್ಲಿ ನ್ಯಾಷ್‌ವಿಲ್ ನಗರದ ಹೋಟೆಲೊಂದರ ಹೆಸರಿನಿಂದ ಹುಟ್ಟಿದ ಪುಡಿ ಅದು. ಮುಂದೆ ಹಾಡು ಒಂದು ಚಮಚ ಕಾಫಿಯಿಂದ ಮೆಲ್ಲಗೆ ಪ್ರೀತಿಯ ಕಡೆಗೆ ಜಾರುತ್ತದೆ. ಆ ಹಾಡಿನ ಮಾತಿನಿಂದಲೇ 1965ರಲ್ಲಿ ನ್ಯೂಯಾರ್ಕಿನ ಯುವಕರ ತಂಡವೊಂದು ‘ಲವಿನ್ ಸ್ಪೂನ್‌ಫುಲ್’ ಎಂದು ಹೆಸರಿಟ್ಟುಕೊಂಡು ದೇಶದಾದ್ಯಂತ ಪ್ರಸಿದ್ಧವಾಯಿತು.

ಒಂದು ಸಂಗತಿ ಗಮನಿಸಿ. ಹಾಡಿನಲ್ಲಿ ಕಂಪೆನಿಯ ಹೆಸರಿದೆ, ಕಾಫಿ ಬೆಳೆದ ನಾಡಿನ ಹೆಸರಿಲ್ಲ. ಹಾಡಿದವರದು ತಪ್ಪಲ್ಲ. ಪೊಟ್ಟಣದ ಮೇಲೆ ಇದ್ದ ಹೆಸರು ಅದೊಂದೇ!

ನಮಗಿದರಿಂದ ಏನು?

ಜಾನ್ ಹರ್ಟ್ ಅವರನ್ನು ಲೋಕಕ್ಕೆ ಮರಳಿ ದೊರಕಿಸಿದ್ದು ಕಂಪೆನಿಯ ಲೆಕ್ಕದ ಪುಸ್ತಕವಲ್ಲ, ಹಾಡಿನೊಳಗಿದ್ದ ಊರಿನ ಹೆಸರು. ಊರಿನ ಹೆಸರಿಲ್ಲದ ಹಾಡುಗಳನ್ನಷ್ಟೇ ಹಾಡಿದ್ದರೆ ಅವರನ್ನು ಹುಡುಕಲು ಎಲ್ಲಿಗೆ ಹೋಗಬೇಕಿತ್ತು? ಪದಾರ್ಥದ ಜೊತೆ ಅದರ ಹುಟ್ಟಿದೂರು ಅಂಟಿಕೊಂಡು ಹೋದರೆ ಮಾತ್ರ ಗೌರವವೂ ಗಳಿಕೆಯೂ ಹಿಂತಿರುಗಿ ಬರಲು ಒಂದು ದಾರಿ ಉಳಿಯುತ್ತದೆ.

ಬೆಳೆಯ ವಿಷಯದಲ್ಲಿ ನಾವು ಇದನ್ನು ತಡವಾಗಿಯಾದರೂ ಕಲಿತಿದ್ದೇವೆ. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯಲ್ಲಿ ಎಲ್ಲರ ಕಾಫಿಯೂ ಒಂದೇ ರಾಶಿ ಸೇರುತ್ತಿತ್ತು. 1996ರಲ್ಲಿ ಅದು ಕೊನೆಗೊಂಡು ಮುಕ್ತ ಮಾರಾಟ ಬಂತು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾ ಕಾಫಿಗೂ ಶಿರಸಿಯ ಅಡಿಕೆಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಊರಿನ ಹೆಸರಿಗೆ ಕಾನೂನಿನ ಬೆಲೆ ಬಂದದ್ದು ಹೀಗೆ. ಹಾಡಿನ ವಿಷಯದಲ್ಲೂ 2012ರಲ್ಲಿ ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾಯಿತು. ಹಾಡು ಬರೆದವರು, ರಾಗ ಹಾಕಿದವರು ಗೌರವಧನದಲ್ಲಿ ತಮಗಿರುವ ಪಾಲನ್ನು ಕಂಪೆನಿಗೆ ಬರೆದುಕೊಟ್ಟು ಕಳೆದುಕೊಳ್ಳದಂತೆ ಅದು ರಕ್ಷಣೆ ಕೊಟ್ಟಿದೆ. ಹಾಡು ಕಟ್ಟುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಕಾಗದಕ್ಕೆ ಸಹಿ ಹಾಕುವ ಮುನ್ನ ಅವರು ಇದನ್ನು ತಿಳಿದಿರಬೇಕು.

ಆದರೆ ಕಾನೂನು ಕಾಪಾಡುವುದು ಹೆಸರು ಗೊತ್ತಿರುವ ಹಾಡನ್ನು. ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು, 2025ರ ಫೆಬ್ರುವರಿಯಲ್ಲಿ ಅವರು ನಮ್ಮನ್ನು ಅಗಲಿದ್ದು ಎಲ್ಲರೂ ಬಲ್ಲ ವಿಷಯ. ಹೀಗೆ ಹೆಸರು ಹೊರಗೆ ಬಂದವರು ಕೆಲವರೇ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಹಾಡಿದವರು, ಕಾಫಿ ಕೊಯ್ಲಿನ ಸಾಲಿನಲ್ಲಿ ಒಬ್ಬರಿಗೊಬ್ಬರು ದನಿಗೂಡಿಸಿದವರು, ಗದ್ದೆ ನೆಟ್ಟಿಯಲ್ಲಿ ಪದ ಎತ್ತಿಕೊಟ್ಟವರು ಎಷ್ಟೋ ಮಂದಿ. ಈಗ ಅಡಿಕೆ ಸುಲಿಯಲು ಯಂತ್ರ ಬಂದಿದೆ. ಕೆಲಸ ಹಗುರವಾಯಿತು, ಅದು ಸಂತೋಷವೇ. ಆ ರಾತ್ರಿಗಳ ಹಾಡು ಮಾತ್ರ ಹಿರಿಯರ ನೆನಪಿನಲ್ಲಷ್ಟೇ ಉಳಿದಿದೆ.

ಅವಲಾನ್‌ನಲ್ಲಿ ಜಾನ್ ಹರ್ಟ್ ಬದುಕಿದ್ದ ಪುಟ್ಟ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದರು. 2024ರ ಫೆಬ್ರುವರಿಯಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಹಾಡು, ಅದರ ಕಥೆ, ಊರಿನ ಹೆಸರು ಮೂರೂ ಬೇರೆಡೆ ದಾಖಲಾಗಿದ್ದರಿಂದ ಉಳಿದುಕೊಂಡವು.

ಆದಕಾರಣ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯಲ್ಲಿ, ನೆರೆಯಲ್ಲಿ, ತೋಟದ ಲೈನುಗಳಲ್ಲಿ ಹಾಡಬಲ್ಲ ಹಿರಿಯರಿದ್ದರೆ ಬಿಡುವು ಮಾಡಿಕೊಂಡು ಅವರ ಮುಂದೆ ಕೂತುಕೊಳ್ಳಿ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಹಾಡನ್ನು ಮುದ್ರಿಸಿಕೊಳ್ಳುವುದು ಕಷ್ಟವಲ್ಲ. ಹಾಡಿನ ಜೊತೆ ನಾಲ್ಕು ಮಾತು ಬರೆದಿಡಿ: ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಯಾವ ಕೆಲಸದ ಹೊತ್ತಿನಲ್ಲಿ ಹಾಡುತ್ತಿದ್ದರು. ಅವರ ಒಪ್ಪಿಗೆ ಕೇಳುವುದನ್ನು ಮರೆಯಬೇಡಿ, ಹಾಡು ಅವರದು. ಈ ಕೊಯ್ಲು ಮುಗಿದು ಕಣ ಖಾಲಿಯಾಗುವುದರೊಳಗೆ ಒಬ್ಬೊಬ್ಬರು ಒಂದೊಂದು ಹಾಡು ಬರೆದಿಟ್ಟರೂ ಅದು ನಮ್ಮ ಸೀಮೆಗೆ ಸಣ್ಣ ಫಸಲಾಗಲಾರದು.